ಕಾರು ನಡುಗಿದರೆ ಮೊದಲು ಚಕ್ರದ ಒಳಮೈ ನೋಡಿ

ನಮ್ಮ ಗುಂಪಿಗೆ ಹೊಸದಾಗಿ ಸೇರಿದ ತಾಯಿಯೊಬ್ಬರು ಕೇಳಿದ ಪ್ರಶ್ನೆ ವಾರದಿಂದ ನನ್ನ ಮನಸ್ಸಿನಲ್ಲೇ ಉಳಿದಿದೆ. ಹಿಮ ಬೀಳುವ ಈ ನಾಡಿನಲ್ಲಿ ಇದು ಅವರ ಮೊದಲ ಚಳಿಗಾಲ. ಇಬ್ಬರು ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿ ಹಿಡಿದಿದ್ದರು. ವೇಗ 80 ಕಿಲೋಮೀಟರ್ ದಾಟುತ್ತಲೇ ಸ್ಟೀರಿಂಗ್ ಗಡಗಡನೆ ನಡುಗಿತು. ಹೆದರಿ ಮನೆಗೆ ಮರಳಿದರು. ಎರಡು ದಿನ ಬಿಟ್ಟು ಗ್ಯಾರೇಜಿಗೆ ಒಯ್ದಾಗ ನಡುಕದ ಸುಳಿವೇ ಇರಲಿಲ್ಲ. ‘ನನಗೇ ಭ್ರಮೆಯಾಯಿತೇ’ ಎಂದು ಬರೆದಿದ್ದಾರೆ. ಭ್ರಮೆಯಲ್ಲ, ತಂಗಿ. ಆ ಎರಡು ದಿನಗಳಲ್ಲಿ ಬಿಸಿಲು ಬಿದ್ದಿತ್ತೆಂದು ನೀವೇ ಹೇಳಿದ್ದೀರಿ. ನಡುಕಕ್ಕೆ ಕಾರಣವಾದ, ಚಕ್ರದೊಳಗೆ ಕಟ್ಟಿಕೊಂಡಿದ್ದ ಹಿಮ ಬಹುಶಃ ಕರಗಿ ಹೋಗಿದೆ.

ನಾನು ಇದನ್ನು ಕಲಿತದ್ದು ಇಲ್ಲಿಗೆ ಬಂದ ಮೂರನೆಯ ಚಳಿಗಾಲದಲ್ಲಿ. ಹಿಂದಿನ ಸಂಜೆ ರಾಡಿಯಂತಹ ಒದ್ದೆ ಹಿಮದಲ್ಲಿ ಒಂದು ಗಂಟೆ ಕಾರು ಓಡಿಸಿ, ಮನೆಯ ಮುಂದೆ ಬಯಲಿನಲ್ಲಿ ನಿಲ್ಲಿಸಿದ್ದೆ. ರಾತ್ರಿ ಚಳಿ ಬಿಗಿಯಿತು. ಬೆಳಿಗ್ಗೆ ಗಾಜು ಕೆರೆದು, ಚಾವಣಿಯ ಹಿಮ ತಳ್ಳಿ, ಮಗಳನ್ನು ಈಜು ತರಗತಿಗೆ ಕರೆದುಕೊಂಡು ಹೊರಟೆ. ಊರೊಳಗೆ ಏನೂ ಗೊತ್ತಾಗಲಿಲ್ಲ. ಹೆದ್ದಾರಿಯಲ್ಲಿ ವೇಗ ಏರಿದಂತೆ ನಡುಕವೂ ಏರಿತು. ‘ಅಪ್ಪಾ, ನನ್ನ ಕುರ್ಚಿ ಯಾಕೆ ಹೀಗೆ ಮಾಡುತ್ತಿದೆ?’ ಎಂದು ಹಿಂದಿನಿಂದ ಅವಳು ಕೇಳಿದಾಗ ಎದೆ ಧಸಕ್ಕೆಂದಿತು. ವೇಗ ತಗ್ಗಿಸಿ, ಮುಂದಿನ ತಿರುವಿನಲ್ಲಿ ಹೆದ್ದಾರಿ ಬಿಟ್ಟು, ಖಾಲಿ ಪಾರ್ಕಿಂಗ್ ಜಾಗವೊಂದರಲ್ಲಿ ನಿಲ್ಲಿಸಿದೆ.

ಹೊರಗಿನಿಂದ ನಾಲ್ಕೂ ಚಕ್ರಗಳು ಸರಿಯಾಗಿಯೇ ಕಂಡವು. ಕೈಗವಸು ಹಾಕಿಕೊಂಡು ಹಿಂಬದಿಯ ಎಡಚಕ್ರದ ಕಡ್ಡಿಗಳ ಸಂದಿನಲ್ಲಿ ಬೆರಳು ತೂರಿಸಿದಾಗ, ರಿಮ್ಮಿನ, ಅಂದರೆ ಟೈರು ಕೂರುವ ಲೋಹದ ಬಳೆಯ, ಒಳಮೈಗೆ ಅಂಟಿಕೊಂಡ ಒಂದು ಗಡ್ಡೆ ಕೈಗೆ ಸಿಕ್ಕಿತು. ಬೂದು ಬಣ್ಣ, ಮಧ್ಯೆ ಮಧ್ಯೆ ಮರಳಿನ ಕಾಳುಗಳು. ಒಣಗಿದ ಸಿಮೆಂಟಿನಷ್ಟು ಗಟ್ಟಿ. ಒಂದು ಕಡೆ ಅಂಗೈ ದಪ್ಪಕ್ಕೆ ಕಟ್ಟಿಕೊಂಡಿದ್ದರೆ ಅದರ ಎದುರು ಬದಿಯ ಲೋಹ ಬರಿದಾಗಿತ್ತು. ಹಿಮ ಕೆರೆಯುವ ಪ್ಲಾಸ್ಟಿಕ್ ಪಟ್ಟಿಯ ಹಿಡಿಯಿಂದ ಹತ್ತು ನಿಮಿಷ ತಟ್ಟಿದ ಮೇಲೆ ಅದು ಎರಡು ಹೋಳಾಗಿ ಕಳಚಿ ಬಿತ್ತು. ಮತ್ತೆ ಹೆದ್ದಾರಿಗೆ ಬಂದಾಗ ಕಾರು ಎಂದಿನಂತೆ ನುಣ್ಣಗೆ ಓಡಿತು.

ಹೀಗಾಗುವುದು ಏಕೆಂದು ತಿಳಿದರೆ ಅರ್ಧ ಭಯ ಹೋಗುತ್ತದೆ. ಓಡುವ ಕಾರಿನ ಚಕ್ರದೊಳಗೆ ಹಿಮ ಹೆಚ್ಚುಕಡಿಮೆ ಸುತ್ತಲೂ ಮೆತ್ತಿಕೊಳ್ಳುತ್ತದೆ; ಸಮವಾಗಿ ಮೆತ್ತಿದ್ದರೆ ತೊಂದರೆ ಕಡಿಮೆ. ಕಾರು ನಿಂತ ಮೇಲೆ ಬ್ರೇಕ್ ಡಿಸ್ಕಿನಲ್ಲಿ (ಬ್ರೇಕ್ ಹಿಡಿಯುವ ಲೋಹದ ತಟ್ಟೆಯಲ್ಲಿ) ಉಳಿದ ಬಿಸಿಗೆ ಆ ಹಿಮ ಸ್ವಲ್ಪ ಕರಗುತ್ತದೆ. ನೀರು ರಿಮ್ಮಿನ ತಳಕ್ಕೆ ಇಳಿದು, ಅಲ್ಲಿನ ತಗ್ಗಿನಲ್ಲಿ ನಿಂತು, ರಾತ್ರಿ ಗಡ್ಡೆ ಕಟ್ಟುತ್ತದೆ. ಬೆಳಗಾಗುವಷ್ಟರಲ್ಲಿ ಚಕ್ರದ ಒಂದೇ ಬದಿಗೆ ಭಾರ ಸೇರಿರುತ್ತದೆ. ಹಿಮ ಕರಗುವ ದಿನಗಳಲ್ಲಿ ಮಣ್ಣಿನ ರಸ್ತೆಯ ಕೆಸರು ಮಾಡುವುದೂ ಇದನ್ನೇ: ಒದ್ದೆಯಿದ್ದಾಗ ಕೆಳಗೆ ಜಾರುತ್ತದೆ, ಒಣಗಿದಾಗ ಅಲ್ಲೇ ಅಂಟುತ್ತದೆ. ಅದು ಬಿಸಿಲಿಗೆ ಕರಗುವುದಿಲ್ಲವಾದ್ದರಿಂದ ನನ್ನ ಮಟ್ಟಿಗೆ ಹಿಮಕ್ಕಿಂತ ಕೆಸರೇ ಹಟಮಾರಿ.

ಇಷ್ಟು ಚಿಕ್ಕ ಗಡ್ಡೆ ಇಷ್ಟು ದೊಡ್ಡ ಕಾರನ್ನು ನಡುಗಿಸಬಲ್ಲದೇ ಎಂದು ಅನುಮಾನಿಸುವವರಿಗೆ ಒಂದು ಲೆಕ್ಕ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಕಾರಿನ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಗ ರಿಮ್ಮಿನೊಳಗೆ ಅಂಟಿದ 100 ಗ್ರಾಂ ಗಡ್ಡೆ ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 15 ಕಿಲೋ ತೂಕಕ್ಕೆ ಸಮ. ಪ್ರತಿ ಸುತ್ತಿಗೂ ಆ ಎಳೆತ ಮೇಲೆ, ಕೆಳಗೆ, ಮುಂದೆ, ಹಿಂದೆ ಬದಲಾಗುತ್ತದೆ. ವೇಗ ಅರ್ಧವಾದರೆ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಸುಮ್ಮನಿದ್ದ ಕಾರು ಹೆದ್ದಾರಿಯಲ್ಲಿ ಕುಣಿಯುವುದು ಇದಕ್ಕೇ. ಬ್ಯಾಲೆನ್ಸಿಂಗ್, ಅಂದರೆ ಚಕ್ರದ ಭಾರವನ್ನು ಸುತ್ತಲೂ ಸಮಗೊಳಿಸುವ ಕೆಲಸ, ಮಾಡುವವರು ಐದು, ಹತ್ತು ಗ್ರಾಂ ತೂಕದ ಬಿಲ್ಲೆಗಳನ್ನು ಅಷ್ಟು ಎಚ್ಚರದಿಂದ ಅಂಟಿಸುವುದನ್ನು ನೋಡಿದ್ದರೆ ನಿಮಗೇ ಅರ್ಥವಾಗುತ್ತದೆ.

ನಡುಕ ಸ್ಟೀರಿಂಗಿನಲ್ಲಿ ಹೆಚ್ಚಾಗಿ ತಿಳಿದರೆ ಮುಂದಿನ ಚಕ್ರಗಳನ್ನು ಮೊದಲು ನೋಡಿ. ಸೀಟಿನಲ್ಲಿ, ನೆಲದಲ್ಲಿ ತಿಳಿದರೆ ಹಿಂದಿನವನ್ನು ನೋಡಿ. ನನ್ನ ಮಗಳಿಗೆ ನನಗಿಂತ ಮೊದಲೇ ಗೊತ್ತಾದದ್ದು ಅವಳು ಹಿಂದೆ ಕುಳಿತಿದ್ದರಿಂದ. ಮಕ್ಕಳು ‘ಕಾರು ಏನೋ ಮಾಡುತ್ತಿದೆ’ ಎಂದರೆ ದಯವಿಟ್ಟು ತಳ್ಳಿಹಾಕಬೇಡಿ.

ಸ್ವಚ್ಛಗೊಳಿಸುವಾಗ ಎಂಜಿನ್ ಆರಿಸಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಚಕ್ರದೊಳಗೆ ಕೈ ಇಟ್ಟಿರುವಾಗ ಚಾಲಕನ ಸೀಟಿನಲ್ಲಿ ಯಾರೂ ಇರಬಾರದು. ಮುಂದಿನ ಚಕ್ರಗಳಿಗಾದರೆ, ಎಂಜಿನ್ ಆರಿಸುವ ಮೊದಲೇ ಸ್ಟೀರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿಟ್ಟರೆ ಒಳಮೈ ಕಣ್ಣಿಗೆ ಬೀಳುತ್ತದೆ. ಟಾರ್ಚ್ ಬೇಕೇ ಬೇಕು. ಗಡ್ಡೆ ತಳದಲ್ಲಿದ್ದು ಕೈಗೆ ಎಟುಕದಿದ್ದರೆ ಕಾರನ್ನು ಸುಮಾರು ಒಂದು ಮೀಟರ್ ಮುಂದಕ್ಕೆ ಸರಿಸಿ. ಚಕ್ರ ಅರ್ಧ ಸುತ್ತು ತಿರುಗಿ ಅದು ಮೇಲಕ್ಕೆ ಬರುತ್ತದೆ. ಪ್ಲಾಸ್ಟಿಕ್ ಅಥವಾ ಮರದ ಉಪಕರಣ ಸಾಕು. ಸುತ್ತಿಗೆ, ಸ್ಕ್ರೂಡ್ರೈವರ್ ಬೇಡವೇ ಬೇಡ. ಅಲ್ಲೇ ಪಕ್ಕದಲ್ಲಿ ಬ್ರೇಕಿನ ರಬ್ಬರ್ ಕೊಳವೆ ಇರುತ್ತದೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಸಂವೇದಕದ ತೆಳ್ಳಗಿನ ತಂತಿ ಇರುತ್ತದೆ, ಬ್ಯಾಲೆನ್ಸಿಂಗ್ ಬಿಲ್ಲೆಗಳಿರುತ್ತವೆ. ಬಿಲ್ಲೆಯೊಂದು ಗಡ್ಡೆಯ ಜೊತೆ ಕಿತ್ತು ಬಂದರೆ ಹಿಮ ಹೋದರೂ ನಡುಕ ಉಳಿಯುತ್ತದೆ.

ಕುದಿಯುವ ನೀರು ಸುರಿಯಬೇಡಿ. ಕಾದ ನೀರು ಕೊರೆಯುವ ಲೋಹಕ್ಕೆ ಒಳ್ಳೆಯದಲ್ಲ, ಕೆಳಗೆ ಹರಿದದ್ದು ಅಲ್ಲೇ ಹೆಪ್ಪುಗಟ್ಟಿ ನೀವೇ ಜಾರಿ ಬೀಳುತ್ತೀರಿ. ಬಿಸಿ ಇರುವ ಗ್ಯಾರೇಜಿನಲ್ಲೋ ನೆಲಮಾಳಿಗೆಯ ಪಾರ್ಕಿಂಗಿನಲ್ಲೋ ಕೆಲವು ಗಂಟೆ ನಿಲ್ಲಿಸಿ ಕರಗಿಸುವುದು ಎಲ್ಲಕ್ಕಿಂತ ಸುಲಭ. ಒಣಗಿದ ಕೆಸರಿಗೆ ಮಾತ್ರ ನೀರೇ ಮದ್ದು: ಮೊದಲು ನೆನೆಸಿ, ಆಮೇಲೆ ಉದ್ದ ಹಿಡಿಯ ಬ್ರಷ್ಷಿನಿಂದ ಒಳಗಿನಿಂದಲೂ ಹೊರಗಿನಿಂದಲೂ ಉಜ್ಜಿ. ಚಳಿಯಲ್ಲಿ ತೊಳೆಸಿದರೆ ನೇರವಾಗಿ ತಂದು ನಿಲ್ಲಿಸಬೇಡಿ. ಸ್ವಲ್ಪ ದೂರ ಓಡಿಸಿ, ಹಿಂದೆ ಯಾರೂ ಇಲ್ಲದಾಗ ಮೆಲ್ಲಗೆ ನಾಲ್ಕಾರು ಬಾರಿ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ಇಲ್ಲದಿದ್ದರೆ ಬ್ರೇಕ್ ಪ್ಯಾಡು ಡಿಸ್ಕಿಗೆ ಅಂಟಿ ಹೆಪ್ಪುಗಟ್ಟಿ, ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿಗೆ ಚಕ್ರ ಅಲುಗದೆ ನಿಲ್ಲಬಹುದು.

ಚಕ್ರದ ಮೇಲಿನ ಕಮಾನಿನೊಳಗೂ ಹಿಮ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಸ್ಟೀರಿಂಗ್ ತಿರುಗಿಸಿದಾಗ ಗರಗರ ಸದ್ದು ಬಂದರೆ ಟೈರು ಅದಕ್ಕೆ ಉಜ್ಜುತ್ತಿದೆ ಎಂದೇ ಅರ್ಥ. ಬೂಟಿನಿಂದ ಒದೆಯುವವರನ್ನು ನೋಡಿದ್ದೇನೆ. ಮೆತ್ತಗಿರುವಾಗ ಪರವಾಗಿಲ್ಲ, ಗಡ್ಡೆಯಾಗಿದ್ದರೆ ಹಿಂದಿನ ಪ್ಲಾಸ್ಟಿಕ್ ಹಾಳೆಯೂ ಒಡೆಯುತ್ತದೆ. ಸಂಜೆ ಕಾರು ನಿಲ್ಲಿಸಿದ ಕೂಡಲೇ, ಇನ್ನೂ ಮೆತ್ತಗಿರುವಾಗಲೇ, ಅಲ್ಲಿನ ಹಿಮ ಕೆಡವುವುದು ನಮ್ಮ ಮನೆಯ ರೂಢಿ.

ಇನ್ನು, ನಾನು ಅತ್ಯಂತ ಒತ್ತಿ ಹೇಳಬೇಕಾದ ಮಾತು. ಎಲ್ಲ ನಡುಕಕ್ಕೂ ಹಿಮವೇ ಕಾರಣವಲ್ಲ. ಇದನ್ನು ಕಲಿತ ಮೇಲೆ ಎರಡು ವರ್ಷ ನಾನು ಪ್ರತಿ ನಡುಕಕ್ಕೂ ‘ಹಿಮ ಇರಬೇಕು, ಉದುರಿ ಹೋಗುತ್ತದೆ’ ಎಂದುಕೊಂಡು ಓಡಿಸುತ್ತಿದ್ದೆ. ಒಮ್ಮೆ ಅದು ಹಿಮವಾಗಿರಲಿಲ್ಲ. ಚಳಿಗಾಲದ ಟೈರು ಹಾಕಿಸಿಕೊಂಡು ಬಂದ ಮೇಲೆ ಒಂದು ಚಕ್ರದ ನಟ್ಟುಗಳು ಸಡಿಲಗೊಂಡಿದ್ದವು. ಟಕ್ ಟಕ್ ಸದ್ದು ಕೇಳಿ ನಿಲ್ಲಿಸಿದ್ದರಿಂದ ಉಳಿದೆವು. ಅಂದಿನಿಂದ ಚಕ್ರ ಬದಲಿಸಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದೊಡನೆ ನಟ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸದೆ ಬಿಡುವುದಿಲ್ಲ. ಚಕ್ರ ಪೂರ್ತಿ ಸ್ವಚ್ಛವಾದ ಮೇಲೂ ನಡುಗಿದರೆ, ಕಡಿಮೆ ವೇಗದಲ್ಲೂ ನಡುಗಿದರೆ, ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ, ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ ಹೆದ್ದಾರಿಗೆ ಹೋಗಬೇಡಿ, ಮೆಕ್ಯಾನಿಕ್ಕಿಗೆ ತೋರಿಸಿ.

ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮೊದಲೂ ಚಕ್ರ ತೊಳೆದಿರಲಿ. ಒಂದು ವಸಂತದಲ್ಲಿ ಗ್ಯಾರೇಜೊಂದರವರು ಒಳಗಿನ ಕೆಸರನ್ನು ತೆಗೆಯದೆ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ಕೆಸರಿನ ಭಾರಕ್ಕೆ ಸರಿಯಾಗಿ ಎದುರು ಬದಿಯಲ್ಲಿ ಬಿಲ್ಲೆ ಕೂರಿಸಿದ್ದರು. ನಾಲ್ಕು ದಿನ ಕಾರು ಚೆನ್ನಾಗಿ ಓಡಿತು. ಕೆಸರು ಒಣಗಿ ಉದುರಿದಾಗ ಆ ಬಿಲ್ಲೆಗಳೇ ಚಕ್ರವನ್ನು ಅಲುಗಾಡಿಸತೊಡಗಿದವು. ಅದೇ ಕೆಲಸಕ್ಕೆ ಎರಡನೆಯ ಬಾರಿ ಹಣ ಕೊಟ್ಟೆ.

ಮಕ್ಕಳಿರುವವರಿಗೆ ಇನ್ನೊಂದು ವಿಷಯ. ನೀವು ಚಕ್ರ ಕೆರೆಯುವಾಗ ಚಳಿಯೆಂದು ಮಕ್ಕಳನ್ನು ಒಳಗೆ ಕೂರಿಸಿ, ಎಂಜಿನ್ ಓಡಲು ಬಿಡಬೇಡಿ. ಹಿಂದಿನ ಹೊಗೆ ಕೊಳವೆಯ ಬಾಯಿ ಹಿಮದಿಂದ ಮುಚ್ಚಿದ್ದರೆ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಸೇರಬಹುದು. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಕಾರು ಶುರು ಮಾಡುವ ಮೊದಲು ಆ ಕೊಳವೆಯ ಸುತ್ತ ತೆರವು ಮಾಡುವುದು ಪ್ರತಿ ಬೆಳಗಿನ ಮೊದಲ ಕೆಲಸವಾಗಲಿ. ಮಕ್ಕಳು ಅಷ್ಟು ಹೊತ್ತು ಮನೆಯೊಳಗೇ ಇರಲಿ. ದಾರಿಯಲ್ಲಿ ನಿಲ್ಲಿಸಬೇಕಾದರೆ ಎಂಜಿನ್ ಆರಿಸಿ ಮಕ್ಕಳಿಗೆ ಕಂಬಳಿ ಹೊದಿಸಿ. ನಮ್ಮ ಕಾರಿನ ಡಿಕ್ಕಿಯಲ್ಲಿ ಚಳಿಗಾಲವಿಡೀ ಎರಡು ಕಂಬಳಿ, ಟಾರ್ಚ್, ಉದ್ದ ಹಿಡಿಯ ಬ್ರಷ್, ದಪ್ಪ ಕೈಗವಸು ಇದ್ದೇ ಇರುತ್ತವೆ.

ತಂಗಿ, ಆ ದಿನ ನಡುಕ ಸ್ಟೀರಿಂಗಿನಲ್ಲಿ ಮಾತ್ರ ತಿಳಿಯಿತೋ ಸೀಟಿನಲ್ಲೂ ತಿಳಿಯಿತೋ, ಹಿಂದಿನ ರಾತ್ರಿ ಕಾರು ಬಯಲಿನಲ್ಲಿತ್ತೋ ಮಾಡಿನ ಕೆಳಗೋ, ಇತ್ತೀಚೆಗೆ ಟೈರು ಬದಲಿಸಿದ್ದೀರೋ ಬರೆದು ತಿಳಿಸಿ. ಟೈರು ಬದಲಿಸಿದ್ದೇ ನಿಜವಾದರೆ ಉತ್ತರಕ್ಕೆ ಕಾಯಬೇಡಿ, ನಾಳೆಯೇ ನಟ್ಟುಗಳನ್ನು ನೋಡಿಸಿ.