ಅಪ್‌ಡೇಟ್: ನೆನೆದಿದ್ದ ಲೈಬ್ರರಿ ಕಟ್ಟುಗಳು ಬಹುಪಾಲು ಉಳಿದವು

ಚಿಕ್ಕಬಳ್ಳಾಪುರ ಕಡೆಯ ನಮ್ಮೂರ ಹಳೇ ಲೈಬ್ರರಿಯಲ್ಲಿ ಮಳೆಗೆ ನೆನೆದ ರಿಜಿಸ್ಟರು, ಪತ್ರಿಕೆ ಕಟ್ಟುಗಳನ್ನು ಉಳಿಸುವುದು ಹೇಗೆ ಅಂತ ಕೇಳಿದ್ದೆನಲ್ಲ, ಬಹುಪಾಲು ಉಳಿದಿವೆ! ನೀವು ಹೇಳಿದ ಹಾಗೆ ಬಿಸಿಲಿಗೆ ಹಾಕದೆ, ಫ್ಯಾನ್ ಗಾಳಿಯಲ್ಲಿ, ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು, ಅದು ಒದ್ದೆಯಾದ ಹಾಗೆಲ್ಲ ಬದಲಾಯಿಸುತ್ತಾ ನಾಲ್ಕು ದಿನ ಕೂತಿದ್ದೆವು. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಲಿಲ್ಲ. ವರ್ಷ ಕಳೆದಂತೆ ಅದರ ಅಂಟು ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ಕೆಡಿಸುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ.

ಒಣಗಿಸುವಾಗ ಏನು ಸಿಕ್ಕಿತು ಗೊತ್ತಾ? ಹಳೇ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳ ಮಾಲೆಯಲ್ಲಿ 1905ರ 10ನೇ ಸಂಪುಟ, ಕೋಲಾರ ಜಿಲ್ಲೆಯ ಶಾಸನಗಳದ್ದು. 2007ರವರೆಗೆ ನಾವೂ ಕೋಲಾರ ಜಿಲ್ಲೆಯೇ ಅಲ್ವಾ, ನಮ್ಮ ಕಡೆಯ ಕಲ್ಲುಗಳೂ ಅದರಲ್ಲಿವೆ. ನೋಡಿ ಕಣ್ಣು ತುಂಬಿ ಬಂತು. ಗೋಡೆಯ ತೇವ ಮತ್ತೆ ತಾಗದಿರಲಿ ಅಂತ ಈಗ ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದ್ದೇವೆ.