ಚಾರ್ಲ್ಸ್‌ಗೆ ಅಷ್ಟು ಮಕ್ಕಳಿದ್ದೂ ಪಟ್ಟ ತಮ್ಮನಿಗೇಕೆ?

ಕಾರವಾರದಿಂದ: ಅಂಜದೀವ ದ್ವೀಪದ ಬಗ್ಗೆ ಲೇಖನ ಸಿದ್ಧವಾಗುತ್ತಿದೆ. ಪೋರ್ಚುಗೀಸ್ ರಾಜಕುಮಾರಿ ಕ್ಯಾಥರಿನ್ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನನ್ನು ಮದುವೆಯಾದಾಗ ಮುಂಬೈ ವರದಕ್ಷಿಣೆಯಾಯಿತು. ಅದನ್ನು ಪಡೆಯಲು 1662ರಲ್ಲಿ ಬಂದ ದಂಡಿಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ದಂಡು ಅಂಜದೀವದಲ್ಲಿ ಉಳಿಯಿತು, ನಾಯಕ ಶಿಪ್‌ಮನ್ 1664ರಲ್ಲಿ ಅಲ್ಲೇ ತೀರಿಕೊಂಡ. ಕ್ಯಾಥರಿನ್‌ಗೆ ಮಕ್ಕಳಾಗಲಿಲ್ಲ. ಚಾರ್ಲ್ಸ್ ಬೇರೆ ಹೆಂಗಸರಲ್ಲಿ ಹುಟ್ಟಿದ ಹತ್ತಕ್ಕೂ ಹೆಚ್ಚು ಮಕ್ಕಳನ್ನು ತನ್ನವೆಂದು ಒಪ್ಪಿದ್ದ. ಅವರನ್ನು ಕಿರಿಯ ರಾಣಿಯರ ಮಕ್ಕಳು ಎನ್ನಬಹುದೇ? ಪಟ್ಟ ಏಕೆ ಸಿಗಲಿಲ್ಲ?

ಶಿರಸಿಯಿಂದ: 'ಕಿರಿಯ ರಾಣಿ' ಖಂಡಿತ ಬೇಡ. ಎಲ್ಲರೂ ಎಡವುವುದು ಇಲ್ಲೇ. ನಮ್ಮ ಅರಮನೆಗಳಲ್ಲಿ ಪಟ್ಟದರಾಣಿಯ ಜೊತೆ ಬೇರೆ ರಾಣಿಯರೂ ಕೈಹಿಡಿದ ಹೆಂಡಂದಿರೇ. ಚರ್ಚಿನ ಕಾನೂನಿನಲ್ಲಿ ಹೆಂಡತಿ ಒಬ್ಬಳೇ. ಬಾರ್ಬರಾ ವಿಲಿಯರ್ಸ್, ನೆಲ್ ಗ್ವಿನ್ ಉಪಪತ್ನಿಯರೂ ಅಲ್ಲ, ಪ್ರೇಯಸಿಯರು. ಅವರ ಗಂಡುಮಕ್ಕಳಿಗೆ ಡ್ಯೂಕ್ ಪದವಿ, ಜಹಗೀರು ಸಿಕ್ಕಿತು; ಸಿಂಹಾಸನದ ಹಕ್ಕು ಮಾತ್ರ ಇಲ್ಲ.

ಇನ್ನೊಬ್ಬ ಪ್ರೇಯಸಿ ಲೂಸಿ ವಾಲ್ಟರ್‌ಳ ಮಗ ಮನ್ಮತ್ ಡ್ಯೂಕ್ ಈ ಮಕ್ಕಳಲ್ಲಿ ಹಿರಿಯವ, ಹುಟ್ಟಿದ್ದು 1649ರಲ್ಲಿ. ತಂದೆತಾಯಿಯ ಮದುವೆಪತ್ರ ಒಂದು ಕಪ್ಪು ಪೆಟ್ಟಿಗೆಯಲ್ಲಿದೆ ಎಂಬ ಸುದ್ದಿ ಹಬ್ಬಿತು. ರಾಣಿಯ ಹೊರತು ಯಾರನ್ನೂ ಮದುವೆಯಾಗಿಲ್ಲವೆಂದು ಚಾರ್ಲ್ಸ್ ಘೋಷಿಸಬೇಕಾಯಿತು. ತಂದೆ ಸತ್ತ ಮೇಲೆ ಮನ್ಮತ್ ದಂಗೆಯೆದ್ದ, ಸೆಜ್‌ಮೂರಿನಲ್ಲಿ ಸೋತ. 1685ರ ಜುಲೈ 15ರಂದು ತಲೆ ಹೋಯಿತು.

ಕುಮಟಾದಿಂದ: ಲೇಖನಕ್ಕೆ ಒಂದು ಮುಖ್ಯ ಎಳೆ ಸೇರಿಸಿ. ಕ್ಯಾಥರಿನ್‌ಳ ಬ್ರಗಾನ್ಸಾ ಮನೆತನದ ಮೂಲಪುರುಷ ಅಫೊನ್ಸೊ, ಪೋರ್ಚುಗಲ್ಲಿನ ಒಂದನೇ ಜೊವಾವ್‌ಗೆ ಮದುವೆಯಾಚೆ ಹುಟ್ಟಿದ ಮಗ. ಆ ಜೊವಾವ್ ಕೂಡ ಹಾಗೆಯೇ ಹುಟ್ಟಿದವನು! ಆದರೂ 1385ರಲ್ಲಿ ಕೊಯಿಂಬ್ರಾದ ಸಭೆ ಅವನನ್ನೇ ದೊರೆಯಾಗಿ ಆರಿಸಿತು. ಪಟ್ಟ ಬರಿದಾಗಿತ್ತು, ಕಾಸ್ಟೀಲಿನ ಅರಸ ಅದಕ್ಕೆ ಕೈಚಾಚಿದ್ದ. ಲಂಡನ್ನಿನಲ್ಲಿ ಹಾಗಾಗಲಿಲ್ಲ, ಚಾರ್ಲ್ಸ್‌ನ ತಮ್ಮ ಜೇಮ್ಸ್ ಬದುಕಿದ್ದ.

ಶಿರಸಿಯಿಂದ: ಒಳ್ಳೆಯ ಎಳೆ. ಲಾಂಛನದ ಚಿತ್ರ ಹಾಕುವುದಾದರೆ ಜಾಗ್ರತೆ. ಬಾರ್ಬರಾಗೆ ಚಾರ್ಲ್ಸ್‌ನಿಂದ ಹುಟ್ಟಿದ ಮಗನ ವಂಶದವರಾದ ಗ್ರಾಫ್ಟನ್ ಡ್ಯೂಕರ ಗುರಾಣಿಯಲ್ಲಿ ರಾಜಲಾಂಛನದ ಮೇಲೆ ಬಿಳಿ-ನೀಲಿ ತುಂಡುಗಳ ಮೋಟು ದಂಡ ಓರೆಯಾಗಿದೆ: ನೋಡುವವರ ಬಲಮೇಲಿನಿಂದ ಎಡಕೆಳಕ್ಕೆ, ಅಂಚು ಮುಟ್ಟುವುದಿಲ್ಲ. ಅದು ಮದುವೆಯಾಚೆ ಹುಟ್ಟಿದ್ದರ ಗುರುತು; ಚಿತ್ರ ತಿರುಗುಮುರುಗಾದರೆ ಆ ಗುರುತೇ ತಪ್ಪುತ್ತದೆ. ಚಾರ್ಲ್ಸ್‌ನ ಅಂಥದೇ ಇನ್ನೊಬ್ಬ ಮಗನ ವಂಶದವರಾದ ರಿಚ್‌ಮಂಡ್ ಡ್ಯೂಕರದ್ದರಲ್ಲಿ ದಂಡವಿಲ್ಲ, ಸುತ್ತ ಗುಲಾಬಿಗಳಿರುವ ಬಿಳಿ-ಕೆಂಪು ಅಂಚುಪಟ್ಟಿ. ಮನ್ಮತ್ 1679ರಲ್ಲಿ ತನ್ನ ಲಾಂಛನದಿಂದ ಆ ದಂಡವನ್ನೇ ತೆಗೆಸಿದಾಗ, ಅವನ ಕಣ್ಣು ಎಲ್ಲಿದೆ ಎಂದು ಊರಿಗೆಲ್ಲ ತಿಳಿಯಿತು.