ಅಪ್‌ಡೇಟ್: ಬೇಕರಿ, ಕೆಫೆ, ಚಾಕೊಲೇಟ್ ಅಂಗಡಿ ಸುತ್ತಾಟ

ಒಂದೇ ದಿನದಲ್ಲಿ ಬಡಾವಣೆಯ ಬೇಕರಿ, ಕೆಫೆ, ಚಾಕೊಲೇಟ್ ಅಂಗಡಿ ಎಲ್ಲ ಸುತ್ತಬೇಕು, ಯಾವುದು ಮೊದಲು ಅಂತ ಕೇಳಿದ್ದೆನಲ್ಲ? ಬೇಕರಿ ಬೆಳಗ್ಗೆಯೇ ಮುಗಿಸಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ಆಗಷ್ಟೇ ಓವನ್‌ನಿಂದ ಇಳಿದ ಕ್ರೋಸಾಂ ಮುರಿದರೆ ಪದರ ಪದರವಾಗಿ ಉದುರಿ ಅಂಗಿ ತುಂಬ ಪುಡಿ! ಕಟ್ಟಿಸಿಕೊಂಡಿದ್ದ ಇನ್ನೊಂದು ಮಧ್ಯಾಹ್ನಕ್ಕೆ ತೇವ ಹೀರಿ ಮೆತ್ತಗಾಗಿತ್ತು.

ಚಾಕೊಲೇಟ್ ರುಚಿ ನೋಡಿದ್ದು ಕಾಫಿಗೆ ಮೊದಲು. ಕಾಫಿ ಕುಡಿದ ನಾಲಿಗೆಗೆ ಸಣ್ಣ ಸಣ್ಣ ರುಚಿ ಗೊತ್ತಾಗುವುದು ಕಷ್ಟ ಅಲ್ವಾ? ಬಾರ್ ಟಕ್ ಅಂತ ಮುರಿಯಿತು, ಟೆಂಪರಿಂಗ್ (ಚಾಕೊಲೇಟನ್ನು ಹದವಾಗಿ ಕರಗಿಸಿ ತಣಿಸುವುದು) ಚೆನ್ನಾಗಿ ಆಗಿದೆ ಎಂಬುದಕ್ಕೆ ಅದೇ ಗುರುತು. ಖರೀದಿ ಮಾತ್ರ ಕೊನೆಗೆ ಇಟ್ಟುಕೊಂಡೆ. ಚಾಕೊಲೇಟ್‌ನಲ್ಲಿರುವ ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಬಿಸಿಲಲ್ಲಿ ಹೊತ್ತು ತಿರುಗುವಂತಿಲ್ಲ. ಕೆಫೆ? ಸುಮ್ನೆ ಕಾಲು ಚಾಚಿ ಕೂರುವುದಕ್ಕೆ. ಎಲ್ಲವನ್ನೂ ಗೆಳತಿಯ ಜೊತೆ ಅರ್ಧರ್ಧ ಹಂಚಿಕೊಂಡಿದ್ದರಿಂದ ಹೊಟ್ಟೆಯೂ ಜಾಸ್ತಿ ಭಾರವಾಗಲಿಲ್ಲ.